ಬೆನಕದ ಹುಡುಗರೂ ನಾನು ರದ್ದಿಗೆ ಹಾಕಿದ ಕರಪತ್ರಗಳೂ

(ಯುವಕರ ಸಭೆಯೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ನಾಟಕದ ಬಗ್ಗೆ ಮಾತಾಡಿ ಅಂದಿದ್ದಾರೆ. ಮಾತಾಡುತ್ತೇನೆ, ಜೊತೆಗೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ.

ನಮ್ಮ ಬೆಂಗಳೂರಿನ 'ಬೆನಕ' ತಂಡ ಗೊತ್ತಲ್ಲ? ಬೆಂಗಳೂರು ನಗರ ಕಲಾವಿದರು. ಮೊದಲಕ್ಷರ ಸೇರಿಸಿದರೆ ಬೆನಕ, ಅಂದರೆ ಗಣಪ! ಇವತ್ತು ನೀವು ಒಂದು ತಂಡ ಕಟ್ಟಿದರೆ ಮೂರು ಇಂಗ್ಲಿಷ್ ಅಕ್ಷರ ಹುಡುಕುತ್ತೀರಿ. 1974ರಲ್ಲಿ ಅವರಿಗೆ ಕನ್ನಡದ ಅಕ್ಷರವೇ ಸಾಕಾಗಿತ್ತು.

ಕಟ್ಟಿದವರು ಬಿ.ವಿ. ಕಾರಂತರು. ಬಂಟ್ವಾಳ ತಾಲ್ಲೂಕಿನ ಮಂಚಿಯವರು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಕಾಶಿಯಲ್ಲಿ ಓದಿ, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಪಳಗಿ ಬಂದವರು. 1972ರಲ್ಲಿ ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ಲಂಕೇಶರ 'ಸಂಕ್ರಾಂತಿ', ಅವರೇ ಕನ್ನಡಕ್ಕೆ ತಂದ 'ಈಡಿಪಸ್', ಕಂಬಾರರ 'ಜೋಕುಮಾರಸ್ವಾಮಿ' ಆಡಿಸಿದರು. ಎರಡು ವರ್ಷದಲ್ಲಿ ಬೆನಕ ಹುಟ್ಟಿತು. ಹವ್ಯಾಸಿ ತಂಡ. ಹಗಲೆಲ್ಲ ಹೊಟ್ಟೆಪಾಡು, ಸಂಜೆ ಬಣ್ಣ.

'ಹಯವದನ', 'ಜೋಕುಮಾರಸ್ವಾಮಿ' ಆಡಿದರು. ಆದರೆ ನನ್ನನ್ನು ಕೇಳಿದರೆ ಬೆನಕ ಎಂದರೆ 'ಸತ್ತವರ ನೆರಳು'. ಬರೆದವರು ಧಾರವಾಡದ ಜಡಭರತ, ಅಂದರೆ ಜಿ.ಬಿ. ಜೋಶಿಯವರು. ಮಠದೊಳಗಿನ ಅಧಿಕಾರದ ಕಥೆ. ಕಾರಂತರು ಅದಕ್ಕೆ ಪುರಂದರದಾಸರ ಪದಗಳನ್ನೇ ತಂದು ಹೊಂದಿಸಿದರು. ಅಜ್ಜಿ ದೇವರ ಮುಂದೆ ಕೂತು ಹಾಡುವ ಹಾಡು ರಂಗದ ಮೇಲೆ ಚಾಟಿ ಆಗುತ್ತದೆ! ನಗುತ್ತಾ ನಗುತ್ತಾ ಏಟು ಬಿದ್ದದ್ದು ಆಮೇಲೆ ಗೊತ್ತಾಗುತ್ತದೆ. ಅದನ್ನು ನೋಡಿದ ದಿನ ನಾನು ಮನೆವರೆಗೂ ಗುನುಗುತ್ತಾ ನಡೆದೇ ಹೋಗಿದ್ದೆ.

1979ರಲ್ಲಿ ಪ್ರೇಮಾ ಕಾರಂತರು ಬೆನಕ ಮಕ್ಕಳ ಕೇಂದ್ರ ಶುರುಮಾಡಿದರು. 'ಅಳಿಲು ರಾಮಾಯಣ' ಆಡಿದ್ದು ಅಲ್ಲೇ. ಮಕ್ಕಳಿಗಾಗಿ ಕಾರಂತರು ಮಾಡಿದ 'ಪಂಜರಶಾಲೆ' ಎಂಬ ನಾಟಕವಿದೆ, ಮೂಲ ರವೀಂದ್ರನಾಥ ಠಾಕೂರರ ಕಥೆ. ರಾಜ ಒಂದು ಹಕ್ಕಿಗೆ ವಿದ್ಯೆ ಕಲಿಸಿ ಅನ್ನುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಹಕ್ಕಿಯ ಬಾಯಿಗೆ ಹಾಳೆ ತುರುಕುತ್ತಾರೆ. ಹಕ್ಕಿ ಸಾಯುತ್ತದೆ. ಶಾಲಾ ನೋಟ್ಸು ಅಚ್ಚು ಹಾಕಿ ಬದುಕುವ ನನಗೆ ಈ ಕಥೆ ಸ್ವಲ್ಪ ಚುಚ್ಚುತ್ತದೆ, ಇರಲಿ.

1977ರಲ್ಲಿ ಕಾರಂತರು ನಾಟಕ ಶಾಲೆಯ ನಿರ್ದೇಶಕರಾಗಿ ದೆಹಲಿಗೆ ಹೋದರು. ಆಮೇಲೆ ಭೋಪಾಲ, 1989ರಲ್ಲಿ ಮೈಸೂರಿನ ರಂಗಾಯಣ. 2002ರಲ್ಲಿ ತೀರಿಕೊಂಡರು. ಗುರು ಊರು ಬಿಟ್ಟರೂ ತಂಡ ಬೀಗ ಹಾಕಲಿಲ್ಲ. ಟಿ.ಎಸ್. ನಾಗಾಭರಣ ಮತ್ತು ಸಂಗಡಿಗರು ನಡೆಸಿಕೊಂಡು ಬಂದರು.

ಇಷ್ಟೆಲ್ಲ ನಾನು ಹೇಳಲು ಆದದ್ದು ಹೇಗೆ? ಬೆನಕದ ಬಗ್ಗೆ ಪತ್ರಿಕೆಗಳು ಬರೆದವು, ಪುಸ್ತಕ ಬಂದವು. ಆದರೆ ಅವರನ್ನು ನೋಡಿಕೊಂಡೇ ಬಡಾವಣೆ ಬಡಾವಣೆಯಲ್ಲಿ ಹುಡುಗರು ತಂಡ ಕಟ್ಟಿದರಲ್ಲ, ಅವರದ್ದು? ನಮ್ಮ ಬೀದಿಯಲ್ಲೂ ಒಂದಿತ್ತು. ಅಪ್ಪ ರಾತ್ರಿ ಕೂತು ಮೊಳೆ ಜೋಡಿಸಿ, ಟ್ರೆಡಲ್ ತುಳಿದು ಅವರ ಕರಪತ್ರ ಹಾಕಿಕೊಡುತ್ತಿದ್ದರು. ಅರ್ಧ ದುಡ್ಡು ಬಾಕಿ, ಅದೂ ಬರುತ್ತಿರಲಿಲ್ಲ. ಪ್ರತಿಯೊಂದರದ್ದೂ ಒಂದೊಂದು ಪ್ರತಿ ಅಟ್ಟದ ಮೇಲೆ ಕಟ್ಟಿಟ್ಟಿದ್ದರು.

ಆಫ್‌ಸೆಟ್ ತಂದಾಗ ಜಾಗ ಬೇಕಿತ್ತು. ಟ್ರೆಡಲನ್ನು ಕಬ್ಬಿಣದ ತೂಕಕ್ಕೆ, ಆ ಕಟ್ಟನ್ನು ರದ್ದಿಗೆ ಕೊಟ್ಟೆ. ಅಪ್ಪ ಏನೂ ಅನ್ನಲಿಲ್ಲ, ಊಟ ಬಿಟ್ಟರು.

ಹೋದ ವರ್ಷ ಆ ತಂಡದ ಒಬ್ಬಣ್ಣ ಬಂದಿದ್ದರು. ತಲೆಯೆಲ್ಲ ಬೆಳ್ಳಗಾಗಿದೆ. "ನಾವು ಯಾವ್ಯಾವ ನಾಟಕ ಆಡಿದ್ವಿ, ಯಾರ್ಯಾರಿದ್ವಿ, ನಮಗೇ ಮರೆತು ಹೋಗಿದೆ ಕಣಪ್ಪಾ. ನಿಮ್ಮಪ್ಪ ಇಟ್ಟಿದ್ರಲ್ಲ?" ಅಂದರು. ನಾನೇನು ಹೇಳಲಿ? ಕಾಫಿ ತರಿಸಿದೆ.

ನಿಮ್ಮ ಮನೆಯ ಅಟ್ಟದಲ್ಲಿ, ಅಪ್ಪನ ಟ್ರಂಕಿನಲ್ಲಿ ಹಳೇ ನಾಟಕದ ಕರಪತ್ರ, ಟಿಕೆಟ್ಟು, ಫೋಟೋ ಇದ್ದರೆ ಪ್ರೆಸ್ಸಿಗೆ ತನ್ನಿ. ಸ್ಕ್ಯಾನ್ ಮಾಡಿ ನಿಮ್ಮದನ್ನು ನಿಮಗೇ ವಾಪಸ್ ಕೊಡುತ್ತೇನೆ. ಕಾಸು ಬೇಡ. ಭಾನುವಾರವೂ ಮಧ್ಯಾಹ್ನದವರೆಗೆ ಬಾಗಿಲು ತೆಗೆದಿರುತ್ತದೆ.