‘ಮೈನ್ ಕಾಂಫ್’ ಓದ್ಲಾ ಅಣ್ಣ?

ಇವತ್ತಿನ ಮಾತು ಶುರುವಾಗೋದು ಒಂದು ವಾಟ್ಸಾಪ್ ಫೋಟೋದಿಂದ.

ನನ್ನ ಚಿಕ್ಕಮ್ಮನ ಮಗ ಸೆಕೆಂಡ್ ಪಿಯು ಓದ್ತಿದ್ದಾನೆ. ಹೋದ ತಿಂಗಳು ತುಮಕೂರಿನಿಂದ ಬಂದು ಅವೆನ್ಯೂ ರೋಡ್‌ನಲ್ಲಿ ಫಿಸಿಕ್ಸ್ ಗೈಡ್ ತಗೊಂಡ. ಗೈಡ್ ಜೊತೆಗೆ ಫುಟ್‌ಪಾತ್ ಮೇಲಿದ್ದ ಇನ್ನೊಂದು ಪುಸ್ತಕವನ್ನೂ ಎತ್ಕೊಂಡ. ವಾಪಸ್ ಹೋಗೋ ಬಸ್ಸಲ್ಲಿ ಕೂತು ಅದರ ಫೋಟೋ ಕಳಿಸಿದ. ಕೆಂಪು-ಕಪ್ಪು ಕವರ್, ಅದರ ಮೇಲೆ ಆ ಮೀಸೆ. ಹಿಟ್ಲರ್ ಬರೆದ ‘ಮೈನ್ ಕಾಂಫ್’, ಅಂದ್ರೆ ‘ನನ್ನ ಹೋರಾಟ’. ಕೆಳಗೆ ಮೆಸೇಜ್: “ಅಣ್ಣ, ಇದನ್ನ ಓದ್ಲಾ? ಫ್ರೆಂಡ್ಸೆಲ್ಲ ಸಖತ್ ಮೋಟಿವೇಷನ್ ಅಂತಾರೆ.”

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕಂದ್ರೆ ಅದೇ ಪುಸ್ತಕ ಒಂದು ಕಾಲದಲ್ಲಿ ನನ್ನ ಹತ್ರಾನೂ ಇತ್ತು.

ಹಾಸ್ಟೆಲ್‌ನಲ್ಲಿದ್ದಾಗ, ಹತ್ತೊಂಬತ್ತು ವಯಸ್ಸು. ಟೇಬಲ್ ಮೇಲೆ ಎಲ್ರಿಗೂ ಕಾಣೋ ಹಾಗೆ ಇಟ್ಟಿದ್ದೆ. ಕೇಳಿದವರಿಗೆ “ಲೀಡರ್‌ಶಿಪ್ ಕಲಿಯೋಕೆ” ಅಂತಿದ್ದೆ. ನಿಜ ಹೇಳ್ಬೇಕು ಅಂದ್ರೆ ನಲವತ್ತು ಪುಟ ದಾಟಿರಲಿಲ್ಲ. ಒಬ್ಬ ಜೂನಿಯರ್ ಮಾತ್ರ ಅದನ್ನ ತಗೊಂಡು ಹೋಗಿ ಪೂರ್ತಿ ಓದಿದ. ವಾಪಸ್ ಬಂದಾಗ ಅಲ್ಲಲ್ಲಿ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದ. ದುರ್ಬಲರು, ರಕ್ತ, ಶುದ್ಧಿ ಅನ್ನೋ ಮಾತುಗಳ ಕೆಳಗೇ ಗೆರೆ. ಆಮೇಲೆ ಒಂದಿನ ಮೆಸ್‌ನಲ್ಲಿ, ಮೀಸಲಾತಿಯಲ್ಲಿ ಸೀಟು ತಗೊಂಡಿದ್ದ ಹುಡುಗರು ಕೂತಿದ್ದ ಟೇಬಲ್ ಕಡೆ ನೋಡಿ, “ಇಂಥವರನ್ನ ಏನ್ ಮಾಡ್ಬೇಕು ಅಂತ ಒಬ್ಬ ಸರಿಯಾಗಿ ಬರೆದಿದ್ದಾನೆ” ಅಂದ. ಜೋರಾಗೇ ಅಂದ. ನಾವೆಲ್ಲ ನಕ್ವಿ. ನಾನೂ ನಕ್ಕೆ. ಆ ಟೇಬಲ್‌ನಲ್ಲಿ ಇದ್ದವರಲ್ಲಿ ಒಬ್ಬ ನನ್ನ ಲ್ಯಾಬ್ ಪಾರ್ಟ್ನರ್. ಅವನು ತಟ್ಟೆ ಎತ್ಕೊಂಡು ಎದ್ದು ಹೋದ. ಮಾರನೇ ದಿನ ಪ್ರಾಕ್ಟಿಕಲ್‌ನಲ್ಲಿ ನನ್ನ ಜೊತೆ ರೀಡಿಂಗ್ ಬಗ್ಗೆ ಬಿಟ್ರೆ ಬೇರೆ ಒಂದು ಮಾತೂ ಆಡಲಿಲ್ಲ.

ಅದಕ್ಕೇ ತಮ್ಮನ ಮೆಸೇಜ್ ನನಗೆ ಸಣ್ಣ ಪ್ರಶ್ನೆ ಅನ್ನಿಸಲಿಲ್ಲ.

ಮೊದಲು ಈ ಪುಸ್ತಕ ಹುಟ್ಟಿದ ಕಥೆ ಸ್ವಲ್ಪ. 1923ರ ನವೆಂಬರ್‌ನಲ್ಲಿ ಹಿಟ್ಲರ್ ಮ್ಯೂನಿಕ್‌ನಲ್ಲಿ ಸರ್ಕಾರ ಉರುಳಿಸೋಕೆ ಹೊರಟು ಸೋತ. ದೇಶದ್ರೋಹಕ್ಕೆ 5 ವರ್ಷ ಶಿಕ್ಷೆ ಆಯ್ತು. ಲ್ಯಾಂಡ್ಸ್‌ಬರ್ಗ್ ಜೈಲಿನಲ್ಲಿ ಆರಾಮಾಗಿ ಕೂತು ಪುಸ್ತಕ ಬರೆಯೋಕೆ ಶುರು ಮಾಡಿದ, 1924ರ ಡಿಸೆಂಬರ್‌ನಲ್ಲೇ ಹೊರಗೂ ಬಂದ. ಮೊದಲ ಸಂಪುಟ 1925ರಲ್ಲಿ, ಎರಡನೆಯದು 1926ರ ಕೊನೆಗೆ ಬಂತು. ಆರಂಭದಲ್ಲಿ ಅಂಥಾ ಮಾರಾಟ ಏನೂ ಇರಲಿಲ್ಲ. ಅವನು ಅಧಿಕಾರಕ್ಕೆ ಬಂದ ಮೇಲೆ ಮದುವೆಯಾದ ಜೋಡಿಗಳಿಗೆ ಊರಿನ ಆಡಳಿತದವರೇ ಈ ಪುಸ್ತಕ ಉಡುಗೊರೆ ಕೊಡ್ತಿದ್ರು. 1945ರ ಹೊತ್ತಿಗೆ ಸುಮಾರು 1 ಕೋಟಿ 20 ಲಕ್ಷ ಪ್ರತಿ. ರಾಯಲ್ಟಿ ಯಾರಿಗೆ ಹೋಯ್ತು ಅಂತ ನಾನು ಬೇರೆ ಹೇಳ್ಬೇಕಾಗಿಲ್ಲ.

ಸರ್ವಾಧಿಕಾರಿಗಳ ಪುಸ್ತಕಗಳ ಹಣೆಬರಹವೇ ಹೀಗೆ, ಓದಿ ಅಂತ ಸರ್ಕಾರವೇ ಬೆನ್ನು ಬೀಳುತ್ತೆ. ತುರ್ಕ್ಮೆನಿಸ್ತಾನದ ಅಧ್ಯಕ್ಷ ನಿಯಾಜೋವ್ ‘ರುಹ್ನಾಮಾ’ ಅಂತ ಬರೆದ. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಬೇಕು ಅಂದ್ರೂ ಆ ಪುಸ್ತಕ ಓದಿರಬೇಕಿತ್ತು. ನಮ್ಮ ಆರ್‌ಟಿಒದಲ್ಲಿ ಎಂಟು ಹಾಕಿಸೋದೇ ವಾಸಿ.

ಸರಿ, ಓದ್ಬೇಕಾ ಬೇಡ್ವಾ?

ಬೇಡ ಅನ್ನೋರ ಮಾತಲ್ಲಿ ಅರ್ಥ ಇದೆ. 60 ಲಕ್ಷ ಯಹೂದಿಗಳನ್ನ ಕೊಂದ ವ್ಯವಸ್ಥೆಯ ಬೀಜ ಆ ಪುಸ್ತಕದಲ್ಲಿದೆ. ಆದ್ರೆ ಓದದೇ ಇರೋದರಿಂದ ಏನಾಯ್ತು ಅನ್ನೋದಕ್ಕೂ ಒಂದು ಕಥೆ ಇದೆ, ನನಗೆ ತುಂಬಾ ಇಷ್ಟವಾದ ಕಥೆ. ಅಲನ್ ಕ್ರ್ಯಾನ್‌ಸ್ಟನ್ ಅನ್ನೋ ಅಮೆರಿಕದ ಯುವ ಪತ್ರಕರ್ತ ಯುರೋಪಿನಲ್ಲಿ ವರದಿಗಾರನಾಗಿದ್ದ. ಮೂಲ ಪುಸ್ತಕದಲ್ಲಿ ಏನಿದೆ ಅಂತ ಅವನಿಗೆ ಗೊತ್ತಿತ್ತು. ನ್ಯೂಯಾರ್ಕಿಗೆ ವಾಪಸ್ ಬಂದು ನೋಡಿದ್ರೆ ಅಂಗಡಿಯಲ್ಲಿ ಇಂಗ್ಲಿಷ್ ಅನುವಾದ ಮಾರಾಟಕ್ಕಿದೆ, ತೆಳ್ಳಗಿದೆ. ಅತಿ ವಿಷದ ಭಾಗಗಳೇ ಅದರಲ್ಲಿ ಇಲ್ಲ! ಅಮೆರಿಕದವರು ಓದ್ತಿದ್ದದ್ದು ತೊಳೆದು ಇಟ್ಟ ಹಿಟ್ಲರ್‌ನನ್ನ. ಕ್ರ್ಯಾನ್‌ಸ್ಟನ್ 1939ರಲ್ಲಿ ಬಿಟ್ಟುಹೋದ ಅತಿ ವಿಷದ ಭಾಗಗಳನ್ನ ಆರಿಸಿ ಸೇರಿಸಿ, ಪಕ್ಕದಲ್ಲಿ ತನ್ನ ಟಿಪ್ಪಣಿ ಹಾಕಿ, ಪೇಪರ್ ಸೈಜಲ್ಲಿ ಅಚ್ಚು ಹಾಕಿಸಿ 10 ಸೆಂಟ್‌ಗೆ ಮಾರಿದ. ಹತ್ತೇ ದಿನಕ್ಕೆ ಸುಮಾರು 5 ಲಕ್ಷ ಪ್ರತಿ ಹೋಯ್ತು. ಆಮೇಲೆ ಹಕ್ಕು ಇಟ್ಕೊಂಡಿದ್ದ ಪ್ರಕಾಶಕರು ಕಾಪಿರೈಟ್ ಕೇಸು ಹಾಕಿ ನಿಲ್ಲಿಸಿದ್ರು. ಅದೇ ಕ್ರ್ಯಾನ್‌ಸ್ಟನ್ ಮುಂದೆ ಕ್ಯಾಲಿಫೋರ್ನಿಯಾದ ಸೆನೆಟರ್ ಆದ.

ಹಿಟ್ಲರ್‌ನನ್ನ ವಿರೋಧಿಸಿದವನು “ಬಿಟ್ಟಿದ್ದನ್ನೂ ಓದಿ” ಅಂದ. ಒಬ್ಬರನ್ನೇ ಓದೋಕೆ ಬಿಡಲಿಲ್ಲ, ಪಕ್ಕದಲ್ಲಿ ತಾನೂ ಕೂತ.

ಜರ್ಮನಿಯಲ್ಲೂ ಕೊನೆಗೆ ಆಗಿದ್ದು ಇದೇ. ಯುದ್ಧ ಮುಗಿದ ಮೇಲೆ ಪುಸ್ತಕದ ಹಕ್ಕು ಬವೇರಿಯಾ ರಾಜ್ಯದ ಕೈಗೆ ಬಂತು, ಅವರು ಮರುಮುದ್ರಣಕ್ಕೆ ಬಿಡಲಿಲ್ಲ. ಲೇಖಕ ಸತ್ತು 70 ವರ್ಷ ಕಳೆದು, 2015ರ ಕೊನೆಗೆ ಆ ಹಕ್ಕು ಮುಗೀತು. ಮುಂದಿನ ತಿಂಗಳೇ ಮ್ಯೂನಿಕ್‌ನ ಸಮಕಾಲೀನ ಇತಿಹಾಸ ಸಂಸ್ಥೆ ಹೊಸ ಆವೃತ್ತಿ ತಂತು. ಎರಡು ದಪ್ಪ ಸಂಪುಟ, ಸುಮಾರು 2000 ಪುಟ, 3500ಕ್ಕೂ ಹೆಚ್ಚು ಟಿಪ್ಪಣಿ. ಹಿಟ್ಲರ್‌ನ ಸಾಲುಗಳ ಸುತ್ತ ಇತಿಹಾಸಕಾರರ ಟಿಪ್ಪಣಿಗಳೇ ತುಂಬಿವೆ: ಇದು ಸುಳ್ಳು, ಇದು ಇಂಥವರಿಂದ ಎತ್ತಿದ್ದು, ಇದನ್ನ ಮುಂದೆ ಹೀಗೆ ಜಾರಿಗೆ ತಂದ, ಅಂತ. ಯಹೂದಿ ಸಂಘಟನೆಗಳಲ್ಲೇ ಇದರ ಬಗ್ಗೆ ಒಮ್ಮತ ಇರಲಿಲ್ಲ. ಆ ನೋವಿನ ಮುಂದೆ ವಾದ ಮಾಡೋ ಅರ್ಹತೆ ನನಗಿಲ್ಲ.

ನಮ್ಮ ಫುಟ್‌ಪಾತ್ ಪ್ರತಿಯಲ್ಲಿ ಏನಿದೆ? ಟಿಪ್ಪಣಿ ಇಲ್ಲ. ಹಿಂದಿನ ಕವರ್‌ನಲ್ಲಿ ‘ಮಹಾನ್ ನಾಯಕ’ ಅನ್ನೋ ಧಾಟಿಯ ನಾಲ್ಕು ಸಾಲು. ಅದರ ಪಕ್ಕ ದುಡ್ಡು ಮಾಡೋದು ಹೇಗೆ, ಬೆಳಗ್ಗೆ ಐದಕ್ಕೆ ಏಳೋದು ಹೇಗೆ ಅನ್ನೋ ಪುಸ್ತಕಗಳ ಸಾಲು. ಮ್ಯಾನೇಜ್‌ಮೆಂಟ್ ಓದೋ ಹುಡುಗರು ಇದನ್ನ ಕೊಳ್ತಾರೆ ಅಂತ ವಿದೇಶಿ ಪತ್ರಿಕೆಗಳು ಆಶ್ಚರ್ಯಪಟ್ಟು ಬರೆದಿದ್ವು. ನಮಗೆ ಆಶ್ಚರ್ಯ ಆಗಲೇ ಇಲ್ಲ, ಆಗ್ಬೇಕಿತ್ತು.

ಯಾಕಂದ್ರೆ ಈ ಪುಸ್ತಕ ನಮ್ಮ ಬಗ್ಗೆ ಏನು ಹೇಳುತ್ತೆ ಗೊತ್ತಾ? ಎರಡನೇ ಸಂಪುಟದ 14ನೇ ಅಧ್ಯಾಯದಲ್ಲಿ ಭಾರತದ ವಿಷಯ ಬರುತ್ತೆ. ಯುರೋಪಿನಲ್ಲಿ ಓಡಾಡ್ತಿದ್ದ ಭಾರತದ ಸ್ವಾತಂತ್ರ್ಯ ಹೋರಾಟಗಾರರನ್ನ ಅಲ್ಲಿ ಗೇಲಿ ಮಾಡ್ತಾನೆ. ಭಾರತ ಬೇರೆ ಯಾರ ಕೈಗಾದ್ರೂ ಹೋಗೋದಕ್ಕಿಂತ ಇಂಗ್ಲಿಷರ ಕೈಯಲ್ಲೇ ಇರಲಿ ಅಂತ ಬರೀತಾನೆ. 1942ರ ಮೇ ತಿಂಗಳಲ್ಲಿ ನೇತಾಜಿ ಸುಭಾಷ್ ಚಂದ್ರ ಬೋಸ್ ಹಿಟ್ಲರ್‌ನನ್ನ ಭೇಟಿಯಾದಾಗ ಈ ಪುಸ್ತಕದಲ್ಲಿ ಭಾರತದ ಬಗ್ಗೆ ಇರೋ ಮಾತುಗಳ ವಿಷಯ ಎತ್ತಿದ್ರು. ಸಹಾಯ ಕೇಳೋಕೆ ಹೋದವರೂ ಪುಸ್ತಕದ ಆ ಭಾಗ ಮರೆತಿರಲಿಲ್ಲ ನೋಡಿ. ನಾನು ಟೇಬಲ್ ಮೇಲೆ ಶೋಗೆ ಇಟ್ಟಿದ್ದೆ!

ಕಳೆದ ವರ್ಷ ಹಟ ಹಿಡಿದು ಇಂಗ್ಲಿಷ್‌ನಲ್ಲಿ ಪೂರ್ತಿ ಓದಿದೆ. ಬೋರು ಅಂದ್ರೆ ಬೋರು. ಒಂದೇ ಕೂಗಾಟ, ಹೇಳಿದ್ದನ್ನೇ ಹೇಳೋದು. ಮೋಟಿವೇಷನ್ ಹುಡುಕಿದ್ರೂ ಸಿಗಲಿಲ್ಲ. ರೀಲ್ಸ್‌ನಲ್ಲಿ ಅವನ ಫೋಟೋ ಹಾಕಿ ಓಡಿಸೋ ಸ್ಫೂರ್ತಿಯ ಮಾತುಗಳಲ್ಲಿ ಕೆಲವನ್ನ ಹುಡುಕಿ ನೋಡಿದೆ, ಒಂದೂ ಇರಲಿಲ್ಲ. ಆದ್ರೆ ಪ್ರಚಾರದ ಬಗ್ಗೆ ಬರೆದ ಅಧ್ಯಾಯಕ್ಕೆ ಬಂದಾಗ ನೆಟ್ಟಗೆ ಕೂತೆ. ಜನಸಮೂಹಕ್ಕೆ ತಿಳಿವಳಿಕೆ ಕಡಿಮೆ, ಮರೆವು ಜಾಸ್ತಿ, ಅದಕ್ಕೇ ನಾಲ್ಕೇ ವಿಷಯ ಹಿಡ್ಕೊಂಡು ಕೊನೆಯವನ ತಲೆಗೆ ಇಳಿಯೋವರೆಗೂ ಅದನ್ನೇ ಹೇಳ್ತಾ ಇರಬೇಕು ಅನ್ನೋದು ಅದರ ಸಾರ. ಮೆಚ್ಕೊಳ್ಳೋ ಓದುಗರ ಬಗ್ಗೆಯೇ ಅವನು ಹೀಗೆ ಬರೆದಿದ್ದು. ಓದ್ತಾ ನನ್ನ ಫೋನಿನ ಫ್ಯಾಮಿಲಿ ಗ್ರೂಪ್ ನೆನಪಾಯ್ತು. ಇನ್ನೊಂದು ಕಡೆ, ಕೊನೆಯ ಅಧ್ಯಾಯದಲ್ಲಿ, ಮೊದಲ ಮಹಾಯುದ್ಧದ ಶುರುವಲ್ಲೇ ಹನ್ನೆರಡು ಹದಿನೈದು ಸಾವಿರ ಯಹೂದಿಗಳಿಗೆ ವಿಷಾನಿಲ ಕೊಟ್ಟಿದ್ದಿದ್ರೆ ಒಳ್ಳೇದಿತ್ತು ಅನ್ನೋ ಅರ್ಥದ ಮಾತಿದೆ. ಅಚ್ಚಾಗಿದ್ದು 1926ರಲ್ಲಿ. ಅವನು ಮುಚ್ಚಿಟ್ಟಿರಲಿಲ್ಲ ಸ್ವಾಮಿ.

ತಮ್ಮನಿಗೆ ರಾತ್ರಿ ವಾಯ್ಸ್ ನೋಟ್ ಕಳಿಸಿದೆ. “ಓದು ಕಣೋ. ಬೇಡ ಅಂದ್ರೆ ನೀನು ಕದ್ದು ಓದ್ತೀಯ. ಆದ್ರೆ ಒಬ್ಬನೇ ಓದ್ಬೇಡ. ಅದೇ ಫುಟ್‌ಪಾತ್‌ನಲ್ಲಿ ಆನ್ ಫ್ರಾಂಕ್ ಡೈರಿ ಸಿಗುತ್ತೆ, ಅದನ್ನ ಮೊದಲು ಓದು, ಅವಳು ನಿನಗಿಂತ ಚಿಕ್ಕವಳು. ಆಮೇಲೆ ಇದನ್ನ ತಗೋ, ವಾರಕ್ಕೊಂದು ಅಧ್ಯಾಯ, ಭಾನುವಾರ ನನಗೆ ಫೋನ್ ಮಾಡು. ಟೇಬಲ್ ಮೇಲೆ ಮಾತ್ರ ಇಡ್ಬೇಡ.” ಹಾಸ್ಟೆಲ್ ಮೆಸ್‌ನ ಕಥೆಯನ್ನೂ ಹೇಳಿದೆ. ಮನೇಲಿ ಯಾರಿಗೂ ಹೇಳಿರಲಿಲ್ಲ ಅದುವರೆಗೂ.

ಅವನ ಉತ್ತರ ಮಾರನೇ ದಿನ ಬಂತು. “ಅಣ್ಣ, ಆ ಲ್ಯಾಬ್ ಪಾರ್ಟ್ನರ್‌ಗೆ ಸಾರಿ ಹೇಳಿದ್ಯಾ?”

ಹೇಳಿಲ್ಲ. ನಂಬರ್ ಹುಡುಕ್ತಾ ಇದ್ದೀನಿ, ಹಳೇ ಬ್ಯಾಚ್ ಗ್ರೂಪ್‌ನಲ್ಲಿ ಒಬ್ಬರನ್ನ ಕೇಳಿದ್ದೀನಿ.

ನಿಮ್ಮ ಶೆಲ್ಫ್‌ನಲ್ಲೂ ಇಂಥದ್ದೊಂದು ಪುಸ್ತಕ ಇದ್ರೆ, ಯಾಕೆ ತಗೊಂಡ್ರಿ, ಎಷ್ಟು ಪುಟ ಓದಿದ್ರಿ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.