ಕೆರೆಯಿಂದ ಕೆರೆಗೆ ಸೈಕಲ್ ದಾರಿ

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರಿಗಾಗಿ ನಡೆದ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸೈಕಲ್ ಎಂದೊಡನೆ ನಮ್ಮ ನೆನಪಿಗೆ ಬರುವುದು ಶಾಲೆಯ ದಾರಿ, ಹಾಲಿನ ಕ್ಯಾನು, ಸಂತೆಯ ಚೀಲ. ಅದು ನಾಡನ್ನು ಓದುವ ಸಾಧನವೂ ಹೌದೆಂಬುದನ್ನು ನಾವು ಅಷ್ಟಾಗಿ ಆಲೋಚಿಸಿಲ್ಲ. ಇಂದು ನಾನು ನಿಮ್ಮ ಮುಂದಿಡಬಯಸುವುದು ಒಂದು ದಾರಿಯ ವಿಚಾರ. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಹಾಯ್ದು ಉತ್ತರ ಕನ್ನಡದ ಬನವಾಸಿಯನ್ನು ಮುಟ್ಟುವ ಕೆರೆಸೀಮೆಯ ದಾರಿ ಅದು. ಅಲ್ಲಿ ರಸ್ತೆಗಳು ಕಿರಿದು, ವಾಹನಗಳು ವಿರಳ, ಕೆರೆಗಳು ಹೇರಳ, ಇತಿಹಾಸವೋ ಎರಡು ಸಾವಿರ ವರ್ಷಗಳಷ್ಟು ಆಳ.

ಮಲೆನಾಡಿನ ದಟ್ಟ ಮಳೆಗೂ ಬಯಲುಸೀಮೆಯ ಒಣ ಹವೆಗೂ ನಡುವೆ ಇರುವ ಅರೆಮಲೆನಾಡು ಇದು. ಇಲ್ಲಿ ಮಳೆ ಕೆರೆಯನ್ನು ತುಂಬಿಸುವಷ್ಟು ಬರುತ್ತದೆ. ಆದರೆ ವರ್ಷವಿಡೀ ಹೊಲವನ್ನು ಕಾಯುವಷ್ಟು ಬರುವುದಿಲ್ಲ. ನೆಲವು ಅಲೆಯಲೆಯಾಗಿ ಏರಿಳಿಯುತ್ತದೆ. ಎರಡು ದಿಬ್ಬಗಳ ನಡುವಿನ ತಗ್ಗಿಗೆ ಅಡ್ಡಲಾಗಿ ಒಂದು ಏರಿ ಕಟ್ಟಿದರೆ ಕೆರೆ ಸಿದ್ಧ. ಮೇಲಿನ ಕೆರೆಯ ಕೋಡಿ ಬಿದ್ದ ನೀರು ಹಳ್ಳವಾಗಿ ಹರಿದು ಕೆಳಗಿನ ಕೆರೆಗೆ ಸೇರುತ್ತದೆ. ಹೀಗೆ ಹೆಣೆದ ಸರಪಳಿಯ ಕೊನೆಯ ನೀರು ಕುಮುದ್ವತಿಗೋ ದಂಡಾವತಿಗೋ ವರದೆಗೋ ಸೇರಿ, ಕಡೆಗೆ ತುಂಗಭದ್ರೆಯನ್ನು ಕೂಡುತ್ತದೆ.

ಈ ಸರಪಳಿಯನ್ನು ಬಸ್ಸಿನ ಕಿಟಕಿಯಿಂದ ಕಾಣಲಾಗದು. ಕಾಲ್ನಡಿಗೆಯವನಿಗೆ ಒಂದು ದಿನದಲ್ಲಿ ಅದರ ಎರಡು ಮೂರು ಕೊಂಡಿಗಳಷ್ಟೇ ದಕ್ಕುತ್ತವೆ. ಗಂಟೆಗೆ ಹನ್ನೆರಡು ಹದಿನೈದು ಕಿಲೋಮೀಟರ್ ಸಾಗುವ ಸೈಕಲ್ಲಿಗೆ ಮಾತ್ರ ಇಡೀ ಸರಪಳಿ ಒಂದೇ ದಿನದ ಅನುಭವವಾಗಿ ಒದಗುತ್ತದೆ. ಪೆಡಲು ಭಾರವಾದರೆ ನೀವು ಜಲವಿಭಾಜಕದ ದಿಬ್ಬವನ್ನು ಏರುತ್ತಿದ್ದೀರಿ. ಪೆಡಲು ತುಳಿಯದೆಯೇ ಗಾಲಿ ಉರುಳಿದರೆ ಮುಂದೆ ಒಂದು ಕೆರೆ ಇದೆಯೆಂದು ತಿಳಿಯಬೇಕು. ಭೂಗೋಳದ ಈ ಪಾಠವನ್ನು ಕಾಲಿನ ಸ್ನಾಯುಗಳೇ ಕಲಿಸುತ್ತವೆ.

ಶಾಸನಗಳು ಹೇಳುವ ನೀರಿನ ಕಥೆ

ಶಿರಾಳಕೊಪ್ಪದಿಂದ ಹೊರಟರೆ ಎರಡು ಮೂರು ಕಿಲೋಮೀಟರಿನಲ್ಲಿ ಬಳ್ಳಿಗಾವೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿಯಾಗಿ ಮೆರೆದ ಊರು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇಗುಲಗಳು, 1047ರಲ್ಲಿ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಇವೆ. ಅಲ್ಲಮಪ್ರಭುವಿನ ಹೆಸರು ಈ ಊರಿನೊಡನೆ ಬೆಸೆದಿದೆ. ಅಕ್ಕಮಹಾದೇವಿಯ ಉಡುತಡಿಯೂ ಇಲ್ಲಿಂದ ದೂರವಿಲ್ಲ. ಇಲ್ಲಿದ್ದ ಕಾಳಾಮುಖರ ಮಠವನ್ನು ಕೋಡಿಯ ಮಠವೆಂದು ಕರೆಯುತ್ತಿದ್ದರು. ಕೆರೆಯ ಹೆಚ್ಚುವರಿ ನೀರು ಹೊರಬೀಳುವ ಸ್ಥಳವೇ ಕೋಡಿ. ಮಠದ ಹೆಸರಿನಲ್ಲಿಯೇ ಕೆರೆ ಇದೆ. 1162ರ ಶಾಸನವು ಆ ಮಠವನ್ನು ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗದ ತಾಣವೆಂದೂ, ಅನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ನೀಡುವ ಸ್ಥಳವೆಂದೂ ವರ್ಣಿಸುತ್ತದೆ. ವಿದ್ಯೆಯೂ ಅನ್ನವೂ ಔಷಧವೂ ಒಂದು ಕೆರೆಯ ಆಶ್ರಯದಲ್ಲಿ ಬೆಳೆದಿದ್ದವು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಅಲ್ಲಿಂದ ಸೈಕಲ್ಲಿನಲ್ಲಿ ಸ್ವಲ್ಪ ಹೊತ್ತಿನ ದಾರಿ ತಾಳಗುಂದ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಐದನೆಯ ಶತಮಾನದ ಸ್ತಂಭಶಾಸನವನ್ನು ಬಿ.ಎಲ್. ರೈಸ್ 1894ರಲ್ಲಿ ಬೆಳಕಿಗೆ ತಂದರು. ಕಂಚಿಗೆ ಓದಲು ಹೋದ ಮಯೂರಶರ್ಮ, ಪಲ್ಲವರ ಕುದುರೆ ಸವಾರರೊಡನೆ ಉಂಟಾದ ಕಲಹದಿಂದ ಮನನೊಂದು ಶಸ್ತ್ರ ಹಿಡಿದು ಕದಂಬ ರಾಜ್ಯವನ್ನು ಸ್ಥಾಪಿಸಿದ ವೃತ್ತಾಂತ ನಮಗೆ ದೊರೆತದ್ದು ಈ ಕಂಬದಿಂದಲೇ. ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ ನಿಲ್ಲುತ್ತವೆ. ಆದರೆ ಆ ಶಾಸನವನ್ನು ಕೆತ್ತಿಸಿದ ಸಂದರ್ಭ ಯುದ್ಧದ್ದಲ್ಲ. ಕಾಕುತ್ಸ್ಥವರ್ಮನು ಈ ದೇಗುಲದ ಬಳಿ ಒಂದು ಕೆರೆಯನ್ನು ತೋಡಿಸಿದ. ಅದರ ನೆನಪಿಗಾಗಿ ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಈ ಸಂಸ್ಕೃತ ಕಾವ್ಯವನ್ನು ರಚಿಸಿದ. ಒಂದು ರಾಜವಂಶದ ಚರಿತ್ರೆ ಒಂದು ಕೆರೆಯ ನೆಪದಲ್ಲಿ ಉಳಿದುಬಂದಿದೆ.

ಬಂದಳಿಕೆ ಇಂದು ನಿರ್ಜನವಾದ ತಾಣ. ಗಿಡಗಂಟಿಗಳ ನಡುವೆ ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ದೇಗುಲಗಳು ನಿಂತಿವೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಪತಿಯ ಮರಣಾನಂತರ ಅವನ ಅಧಿಕಾರವನ್ನು ವಹಿಸಿಕೊಂಡು ಆಳಿದ ಜಕ್ಕಿಯಬ್ಬೆ ಎಂಬ ಮಹಿಳೆಯನ್ನು ಹತ್ತನೆಯ ಶತಮಾನದ ಆರಂಭದ ಶಾಸನವೊಂದು ಸ್ಮರಿಸುತ್ತದೆ. ಸಾವಿರದ ನೂರು ವರ್ಷಗಳ ಹಿಂದೆ ಸ್ತ್ರೀಯೊಬ್ಬಳು ಈ ಸೀಮೆಯ ಆಡಳಿತ ನಡೆಸಿದ್ದಳು. ಸೈಕಲ್ ಏರಿ ಇಲ್ಲಿಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ಇದು ತಿಳಿದಿರಬೇಕು.

ಮುಂದೆ ಆನವಟ್ಟಿ, ಅದರ ಸಮೀಪ ಕುಬಟೂರಿನ ಕೈಟಭೇಶ್ವರ ದೇಗುಲ. ಅಲ್ಲಿಂದ ಬನವಾಸಿ. ವರದಾ ನದಿ ಮೂರು ಕಡೆಗಳಿಂದ ಬಳಸಿ ಹರಿಯುವ ಈ ಊರಿನ ಮಧುಕೇಶ್ವರ ದೇಗುಲದ ಆವರಣದಲ್ಲಿ ಐದು ಹೆಡೆಯ ನಾಗಶಿಲೆಯೊಂದಿದೆ. ಕದಂಬರಿಗಿಂತಲೂ ಹಿಂದಿನ, ಚುಟುಗಳ ಕಾಲದ ಪ್ರಾಕೃತ ಶಾಸನ ಅದರ ಮೇಲಿದೆ. ರಾಜಕುಮಾರಿಯೊಬ್ಬಳು ನಾಗಪ್ರತಿಮೆ, ಒಂದು ಕೆರೆ, ಒಂದು ವಿಹಾರ ಈ ಮೂರನ್ನು ಮಾಡಿಸಿಕೊಟ್ಟಳೆಂದು ಅದು ಹೇಳುತ್ತದೆ. ಸಮೀಪದ ಗುಡ್ನಾಪುರದಲ್ಲಿ ವಿಶಾಲವಾದ ಕೆರೆಯ ಬಳಿಯಲ್ಲೇ ಕದಂಬ ರವಿವರ್ಮನ ಸ್ತಂಭಶಾಸನ ದೊರೆತಿದೆ. ಧರ್ಮ ಬದಲಾಯಿತು, ಭಾಷೆ ಪ್ರಾಕೃತದಿಂದ ಸಂಸ್ಕೃತಕ್ಕೆ, ಕನ್ನಡಕ್ಕೆ ಬದಲಾಯಿತು, ಅರಸುಮನೆತನಗಳು ಬದಲಾದವು. ಕೆರೆ ಕಟ್ಟಿಸುವುದು ಪುಣ್ಯವೆಂಬ ನಂಬಿಕೆ ಮಾತ್ರ ಬದಲಾಗಲಿಲ್ಲ.

ಕೆರೆಯನ್ನು ಉಳಿಸಿದವರು ಯಾರು?

ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ಅದನ್ನು ನೂರಾರು ವರ್ಷ ಉಳಿಸಿದವರ ಹೆಸರು ಎಲ್ಲಿಯೂ ಇಲ್ಲ. ಆದರೂ ಶಾಸನಗಳ ಶಬ್ದಗಳಲ್ಲಿ ಅವರ ಸುಳಿವಿದೆ. ಬಿತ್ತುವಟ್ಟ, ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಮಾತುಗಳು ಕೆರೆಯ ನಿರ್ಮಾಣಕ್ಕೆ, ದುರಸ್ತಿಗೆ ಬಿಟ್ಟ ಭೂಮಿಯನ್ನೂ ಹುಟ್ಟುವಳಿಯನ್ನೂ ಸೂಚಿಸುತ್ತವೆ. ಹೂಳೆತ್ತಲು ಬಂಡಿ, ಏರಿಗೆ ಮಣ್ಣು, ತೂಬಿಗೆ ಕಾವಲು, ನೀರು ಹಂಚಲು ನೀರುಗಂಟಿ ಇವೆಲ್ಲಕ್ಕೂ ಊರಿನಲ್ಲಿಯೇ ಏರ್ಪಾಡಿತ್ತು. ಹೊಸ ಕೆರೆಗೆ ಸ್ಥಳ ಹುಡುಕುವುದೇ ದುಸ್ತರವೆನ್ನುವಷ್ಟು ಮೈಸೂರು ಸೀಮೆಯು ಕೆರೆಗಳಿಂದ ತುಂಬಿದೆಯೆಂದು ಅಲ್ಲಿನ ಮುಖ್ಯ ಎಂಜಿನಿಯರ್ ಸ್ಯಾಂಕಿ 1866ರಲ್ಲಿ ಬೆರಗಾಗಿದ್ದರು. ಕೆರೆಗಳು ಸರ್ಕಾರದ ಇಲಾಖೆಗೆ ಸೇರಿದ ಮೇಲೆ ಊರಿನ ಏರ್ಪಾಡು ಕ್ರಮೇಣ ಕಳಚಿಕೊಂಡಿತು. ಕೊಳವೆಬಾವಿ ಬಂದ ಮೇಲಂತೂ ಕೆರೆಯ ಹಂಗೇ ಬೇಡವೆಂಬ ಭ್ರಮೆ ಆವರಿಸಿತು. ಕೊಳವೆಬಾವಿಗೆ ನೀರೂಡುವುದೂ ಅದೇ ಕೆರೆಯೆಂಬುದು ಮರೆತುಹೋಯಿತು.

ಕೆರೆಯ ಜೀವ ಅದರ ನೀರಿನಲ್ಲಿ ಮಾತ್ರವಿಲ್ಲ, ಮೇಲಿನ ಕಾನಿನಲ್ಲಿಯೂ ಇದೆ. ಸೊರಬದ ಕಾನುಗಳನ್ನು ಕುರಿತು ಅರಣ್ಯಾಧಿಕಾರಿ ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿ ವರದಿ ಸಲ್ಲಿಸಿದಾಗ ಆ ಒಂದು ತಾಲ್ಲೂಕಿನಲ್ಲಿಯೇ 171 ಕಾನುಗಳು, ಸುಮಾರು 13,000 ಹೆಕ್ಟೇರ್ ವಿಸ್ತಾರದಲ್ಲಿ ದಾಖಲಾಗಿದ್ದವು. ದೇವರ ಹೆಸರಿನಲ್ಲಿ ಜನ ಕಾಯ್ದುಕೊಂಡ ಈ ನಿತ್ಯಹರಿದ್ವರ್ಣ ಕಾಡು ಮಳೆನೀರನ್ನು ಹೀರಿಟ್ಟು, ಬೇಸಿಗೆಯಲ್ಲಿ ನಿಧಾನವಾಗಿ ಕೆರೆಗೆ ಬಿಡುತ್ತಿತ್ತು. ಕಾಳುಮೆಣಸು, ಬೈನೆ, ಮುರುಗಲು ಮೊದಲಾದ ಉತ್ಪನ್ನಗಳೂ ಅಲ್ಲಿಂದಲೇ ದೊರೆಯುತ್ತಿದ್ದವು. ಇಂದು ಸೈಕಲ್ ಸವಾರನಿಗೆ ಅನೇಕ ಕಡೆ ಕಾಣುವುದು ಸಾಲಾಗಿ ನೆಟ್ಟ ಅಕೇಶಿಯಾ ನೆಡುತೋಪು, ಇಳಿಜಾರಿನಲ್ಲಿ ಶುಂಠಿ ಮತ್ತು ಮುಸುಕಿನ ಜೋಳ. ಮಳೆ ಬಿದ್ದೊಡನೆ ಕೆಂಪು ನೀರು ಕೆರೆಗಿಳಿಯುತ್ತದೆ. ಕೆರೆಯಲ್ಲಿ ಹೂಳು ತುಂಬುತ್ತದೆ. ಕೋಡಿ ಬೇಗ ಬೀಳುತ್ತದೆ, ನೀರು ಬೇಗ ಬತ್ತುತ್ತದೆ. ಹೂಳೆತ್ತುವ ಯೋಜನೆಗಳು ಬರುತ್ತಲೇ ಇರುತ್ತವೆ. ಕಾನು ಉಳಿಯದೆ ಹೂಳು ನಿಲ್ಲದು.

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮ ಇದಕ್ಕೆ ಎದುರಾದ ಉದಾಹರಣೆ. ಒಂದು ಚದರ ಕಿಲೋಮೀಟರಿಗಿಂತಲೂ ಚಿಕ್ಕದಾದ ಆ ತಾಣದಲ್ಲಿ ಕೆರೆ ಇದೆ, ನೀರಿನಲ್ಲಿ ನಿಂತ ಮರಗಳಿವೆ, ಸುತ್ತ ಕಾಡಿದೆ. ಮಳೆಗಾಲದಲ್ಲಿ ಬಿಳಿ ಕೆಂಬರಲು, ನೀರುಕಾಗೆ, ಬೆಳ್ಳಕ್ಕಿಗಳು ಅಲ್ಲಿ ಗೂಡು ಕಟ್ಟುತ್ತವೆ. ಕೆರೆ, ಕಾಡು, ಮೌನ ಈ ಮೂರೂ ಒಟ್ಟಿಗಿದ್ದರೆ ಹಕ್ಕಿಗೆ ಬೇರೆ ಆಹ್ವಾನ ಬೇಡ.

ರಸ್ತೆಯ ಪ್ರಶ್ನೆ

ಈಗ ರಸ್ತೆಯ ವಿಚಾರಕ್ಕೆ ಬರುತ್ತೇನೆ. ಹಳ್ಳಿಗೆ ರಸ್ತೆ ಬೇಕು. ರೋಗಿಯನ್ನು ಆಸ್ಪತ್ರೆಗೆ ಒಯ್ಯಲು, ಬೆಳೆಯನ್ನು ಮಾರುಕಟ್ಟೆಗೆ ಸಾಗಿಸಲು ಒಳ್ಳೆಯ ರಸ್ತೆ ಬೇಕೇ ಬೇಕು. ನಮ್ಮ ಆಕ್ಷೇಪ ರಸ್ತೆಗಲ್ಲ, ನೀರನ್ನು ಮರೆತ ರಸ್ತೆಗೆ. ಕೆರೆಸೀಮೆಯ ಹಳ್ಳಿರಸ್ತೆಗಳು ಅನೇಕ ಕಡೆ ಏರಿಯ ಮೇಲೆಯೇ ಸಾಗುತ್ತವೆ. ಎತ್ತಿನ ಗಾಡಿಯ ಭಾರಕ್ಕೆ ಕಟ್ಟಿದ ಮಣ್ಣಿನ ಏರಿಯ ಮೇಲೆ ಜಲ್ಲಿ ಲಾರಿಗಳು ಓಡಿದರೆ ಏರಿ ಕುಸಿಯುತ್ತದೆ. ಅಗಲಗೊಳಿಸುವಾಗ ಸುರಿದ ಮಣ್ಣು ಕೆರೆಯಂಗಳವನ್ನು ನುಂಗುತ್ತದೆ. ಮೋರಿಯನ್ನು ಚಿಕ್ಕದಾಗಿಸಿದರೆ ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಯನ್ನು ತಲುಪದೆ ಗದ್ದೆಗೆ ನುಗ್ಗುತ್ತದೆ. ಸಾವಿರ ವರ್ಷದ ಸರಪಳಿಯ ಒಂದು ಕೊಂಡಿ ಒಂದೇ ಮಳೆಗಾಲದಲ್ಲಿ ತುಂಡಾಗುತ್ತದೆ. ಸಾಲುಮರ ಹೋದರೆ ಸೈಕಲ್ಲಿನವರಿಗೂ ನಡೆಯುವವರಿಗೂ ನೆರಳಿಲ್ಲ. ವೇಗ ಹೆಚ್ಚಿದ ರಸ್ತೆಯಲ್ಲಿ ಮಕ್ಕಳನ್ನು ಸೈಕಲ್ಲಿನಲ್ಲಿ ಕಳುಹಿಸಲು ತಾಯಂದಿರು ಅಂಜುತ್ತಾರೆ.

ಕರ್ನಾಟಕದಲ್ಲಿ 2006–07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಉಚಿತ ಸೈಕಲ್ ನೀಡುವ ಯೋಜನೆ ಆರಂಭವಾಯಿತು. ಕೋವಿಡ್ ಕಾಲದಲ್ಲಿ ಅದು ನಿಂತುಹೋಯಿತು. ಅದರಿಂದ ಹಳ್ಳಿಯ ಸಾವಿರಾರು ಹುಡುಗಿಯರು ಮೊದಲ ಬಾರಿಗೆ ತಮ್ಮದೇ ವಾಹನ ಏರಿ ಶಾಲೆಗೆ ಹೋದರು. ಸೈಕಲ್ ಕೊಟ್ಟರಷ್ಟೇ ಸಾಲದು. ಅದನ್ನು ನಿರ್ಭಯವಾಗಿ ತುಳಿಯುವ ದಾರಿಯೂ ಉಳಿಯಬೇಕು. ನಿಶ್ಶಬ್ದವಾದ ಹಳ್ಳಿರಸ್ತೆ ಹಿಂದುಳಿದಿರುವಿಕೆಯ ಲಕ್ಷಣವಲ್ಲ, ಅದೊಂದು ಸಂಪತ್ತು.

ನಾವು ಮಾಡಬೇಕಾದದ್ದು

ಈ ದಾರಿಯಲ್ಲಿ ಹೋಗಬಯಸುವವರಿಗೆ ಕೆಲವು ಮಾತು. ನವೆಂಬರಿನಿಂದ ಫೆಬ್ರುವರಿಯವರೆಗೆ ಕೆರೆಗಳಲ್ಲಿ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ಬೆಳಗಿನ ಜಾವ ಹೊರಟು ದಿನಕ್ಕೆ ನಲವತ್ತು ಐವತ್ತು ಕಿಲೋಮೀಟರಿಗೆ ಮಿತಿಗೊಳಿಸಿಕೊಳ್ಳಿ. ಗೇರು ಇಲ್ಲದ ಸಾಮಾನ್ಯ ಸೈಕಲ್ಲೇ ಸಾಕು. ಗಾಳಿಪಂಪು, ಪಂಕ್ಚರ್ ಸಾಮಗ್ರಿ, ನೀರು ಜೊತೆಗಿರಲಿ. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹರಡಿದ ಕಾಳಿನ ಮೇಲೆ ಗಾಲಿ ಹಾಯಿಸಬೇಡಿ, ಅದು ಒಬ್ಬರ ವರ್ಷದ ಅನ್ನ. ವೀರಗಲ್ಲಿಗೆ, ಶಾಸನಕ್ಕೆ ಸೈಕಲ್ ಒರಗಿಸಬೇಡಿ. ಅಕ್ಷರಗಳ ಮೇಲೆ ಸುಣ್ಣ, ಬಣ್ಣ ಬಳಿಯಬೇಡಿ.

ಜೊತೆಗೆ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಪ್ರತಿ ಕೆರೆಯ ಬಳಿ ಇಳಿದು ನಾಲ್ಕು ಸಂಗತಿ ಬರೆಯಿರಿ: ನೀರು ಎಲ್ಲಿಂದ ಬರುತ್ತದೆ, ಕೋಡಿ ಎಲ್ಲಿಗೆ ಹರಿಯುತ್ತದೆ, ತೂಬು ಕೆಲಸ ಮಾಡುತ್ತದೆಯೇ, ಮೇಲಿನ ಕಾಡು ಯಾವ ಸ್ಥಿತಿಯಲ್ಲಿದೆ. ಊರಿನ ಹಿರಿಯರನ್ನು ಕೇಳಿ ಕೆರೆಯ ಹೆಸರು, ದೇವತೆಯ ಹೆಸರು ದಾಖಲಿಸಿ. ಆ ಬರಹ ದಿನಚರಿಯಾಗಿ ಉಳಿಯದಿರಲಿ. 2002ರ ಜೀವವೈವಿಧ್ಯ ಕಾಯ್ದೆಯ ಅನ್ವಯ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ದಾಖಲಾತಿ ಸಿದ್ಧವಾಗಬೇಕು. ನಿಮ್ಮ ಕೆರೆ ಕಾನುಗಳ ವಿವರ ಅದರಲ್ಲಿ ಸೇರಲಿ. ರಸ್ತೆ ಕಾಮಗಾರಿಯ ನಕ್ಷೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯ ಮೂಲಕ ಪಡೆದು, ಮೋರಿಗಳ ಸ್ಥಾನವನ್ನು ನಿಮ್ಮ ಪುಸ್ತಕದೊಡನೆ ತಾಳೆ ನೋಡಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವೆಂದು 2010ರ ತಿದ್ದುಪಡಿ ವಿಧಿಸಿದೆ. ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ. ಕೆಲಸ ಆರಂಭವಾದ ಮೇಲೆ ಕೂಗುವುದಕ್ಕಿಂತ ನಕ್ಷೆಯ ಹಂತದಲ್ಲಿ ಕೇಳುವುದು ಫಲಕಾರಿ.

ಮಿತ್ರರೇ, ತಾಳಗುಂದದ ಅರಸ ಕೆರೆ ಕಟ್ಟಿಸಿ ಕಲ್ಲಿನಲ್ಲಿ ಬರೆಸಿದ. ನಮ್ಮಲ್ಲಿ ಅರಸರಿಲ್ಲ, ಕಲ್ಲೂ ಬೇಕಿಲ್ಲ. ಒಂದು ಶಾಲೆಯ ಇಪ್ಪತ್ತು ಮಕ್ಕಳು ಇಪ್ಪತ್ತು ಸೈಕಲ್ಲುಗಳಲ್ಲಿ ಹೊರಟು ತಮ್ಮ ಪಂಚಾಯಿತಿಯ ಕೆರೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ, ಆ ಕೆರೆಗಳನ್ನು ಸದ್ದಿಲ್ಲದೆ ಮುಚ್ಚುವುದು ಮುಂದೆ ಅಷ್ಟು ಸುಲಭವಾಗದು. ಈ ಮಳೆಗಾಲ ಮುಗಿದೊಡನೆ ಆ ಕೆಲಸ ನಿಮ್ಮ ಊರಿನಿಂದಲೇ ಆರಂಭವಾಗಲಿ.