ಮುಂಬಯಿಯ ತೇಗ, ಹಾರ್ಟಲ್‌ಪೂಲಿನ ಹಡಗು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವೇದಿಕೆಯ ಬಲಕ್ಕೆ ಮೇಜಿನ ಮೇಲಿರುವ ಹಡಗನ್ನು ನೋಡಿ, "ಇದನ್ನು ಎಲ್ಲಿ ಕೊಂಡಿರಿ?" ಎಂದು ಬೆಳಗಿನಿಂದ ಹಲವರು ಕೇಳಿದ್ದಾರೆ. ಕೊಂಡದ್ದಲ್ಲ. ನಾವು ನಾಲ್ಕು ಮನೆಯವರು ಎರಡು ಚಳಿಗಾಲ ಕೂತು ಮಾಡಿದ್ದು. ಅದರ ವಿಷಯವಾಗಿ ನಾಲ್ಕು ಮಾತಾಡಲು ಕಾರ್ಯದರ್ಶಿಗಳು ಹತ್ತು ನಿಮಿಷ ಕೊಟ್ಟಿದ್ದಾರೆ.

ಹಡಗಿನ ಹೆಸರು ಟ್ರಿಂಕೊಮಲಿ. ಮೂಲ ಹಡಗು ಇಲ್ಲೇ, ಇಂಗ್ಲೆಂಡಿನ ಈಶಾನ್ಯ ತೀರದ ಹಾರ್ಟಲ್‌ಪೂಲಿನಲ್ಲಿ, ಇಂದಿಗೂ ನೀರಿನ ಮೇಲೆ ತೇಲುತ್ತಿದೆ. ಆದರೆ ಹುಟ್ಟಿದ್ದು ಮುಂಬಯಿಯಲ್ಲಿ. ಕಟ್ಟಿದವರು ಪಾರ್ಸಿ ಮನೆತನದ ಜಮ್ಷೆಡ್‌ಜಿ ಬೊಮ್ಮನ್‌ಜಿ ವಾಡಿಯಾ. ಇದರ ನಕ್ಷೆಗಳನ್ನು ಹೊತ್ತು ಬರುತ್ತಿದ್ದ ಜಾವಾ ಎಂಬ ಹಡಗನ್ನು 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದವರು ಸೋಲಿಸಿ ಸುಟ್ಟರು, ನಕ್ಷೆಯೂ ಹೋಯಿತು. ಇನ್ನೊಂದು ಪ್ರತಿ ಬಂದು, 1816ರಲ್ಲಿ ಕೆಲಸ ಶುರುವಾಗಿ, 1817ರ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಮೈಯೆಲ್ಲ ತೇಗ. ಓಕ್ ಮರದ ಹುಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿಯುತ್ತದೆ. ತೇಗದ ಎಣ್ಣೆ ಮೊಳೆಯನ್ನು ಕಾಯುತ್ತದೆ. ಇನ್ನೂರು ವರ್ಷ ಬಾಳಿದ ಗುಟ್ಟಿನಲ್ಲಿ ಇದೂ ಒಂದು.

ನಮ್ಮ ಅಳತೆ, ಅಡಿಗೆ ಒಂದು ನೂಲು. ಊರಿನ ಬಡಗಿಗಳ ಲೆಕ್ಕ ಬಲ್ಲವರಿಗೆ ಗೊತ್ತು, ನೂಲೆಂದರೆ ಇಂಚಿನ ಎಂಟನೆಯ ಒಂದು ಭಾಗ. ನೂರೈವತ್ತು ಅಡಿಯ ಒಡಲು ಹತ್ತೊಂಬತ್ತು ಇಂಚಿನೊಳಗೆ ಬಂತು, ನಲವತ್ತು ಅಡಿಯ ಅಗಲ ಐದು ಇಂಚಾಯಿತು. ಆರಡಿಯ ನಾವಿಕ ಮುಕ್ಕಾಲು ಇಂಚಿನವನು.

ಹಲಗೆ ಹೊದಿಸುವುದೇ ಕಷ್ಟದ ಕೆಲಸ. ಹಡಗಿನ ಮೈ ಮದ್ದಳೆಯಂತೆ. ನಡುವೆ ಉಬ್ಬು, ತುದಿಗೆ ಸಪೂರ. ಆದ್ದರಿಂದ ಒಂದೊಂದು ಪಟ್ಟಿಯನ್ನೂ ಮೂತಿಯ ಕಡೆಗೆ ಸಣ್ಣಗೆ ಹೆರೆದು, ಬಿಸಿನೀರಿನಲ್ಲಿ ನೆನೆಸಿ, ಬಗ್ಗಿಸಿ, ಒಣಗಿದ ಮೇಲೆ ಅಂಟಿಸಬೇಕು. ಒಂದು ಸಂಜೆಗೆ ಎರಡು ಪಟ್ಟಿ ಕೂತರೆ ಅದೇ ಹಬ್ಬ. ಅಡಿಗೆಮನೆಯ ಪಾತ್ರೆಗಳಲ್ಲಿ ಮರ ಬೇಯುತ್ತಿದ್ದುದನ್ನು ಸಹಿಸಿದ ಗೃಹಿಣಿಯರಿಗೆ ಈ ವೇದಿಕೆಯಿಂದಲೇ ವಂದನೆ. ಏಣಿಯಂಥ ಹಗ್ಗಗಳನ್ನು ಮಕ್ಕಳು ಹೆಣೆದರು. ದಾರಕ್ಕೆ ಜೇನುಮೇಣ ತಿಕ್ಕಿ, ನೂರಾರು ಗಂಟು. ಕಂಪ್ಯೂಟರ್ ಬಿಟ್ಟು ಏಳದ ಹುಡುಗಿಯೊಬ್ಬಳು ಇಕ್ಕಳ ಹಿಡಿದು ಮೂರು ಗಂಟೆ ಕೂತದ್ದನ್ನು ಕಂಡು ಅವಳ ತಾಯಿ ಹಣೆ ಮುಟ್ಟಿ ನೋಡಿದರು, ಜ್ವರವೇನೋ ಎಂದು.

ಜಗಳಗಳೂ ಆದವು. ಕಾಲೇಜಿಗೆ ಹೋಗುವ ಹುಡುಗನೊಬ್ಬ ನೇರವಾಗಿ ಕೇಳಿದ: "ನಮ್ಮನ್ನು ಆಳಿದವರ ಯುದ್ಧನೌಕೆಯನ್ನು ನಾವೇಕೆ ಸಿಂಗರಿಸಬೇಕು ಅಂಕಲ್?" ಪ್ರಶ್ನೆ ಸಣ್ಣದಲ್ಲ. ಎರಡು ವಾರ ಕೆಲಸ ನಿಂತಿತು. ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಇಂಥ ಹಡಗನ್ನು ನೋಡಿದಾಗ ಅದರಲ್ಲಿ ತಮ್ಮದೇನಿದೆ ಎಂದು ತಿಳಿಯಬೇಕಲ್ಲ? ಕೊನೆಗೆ ಆ ಹುಡುಗನ ಸಲಹೆಯೇ ನಿಂತಿತು: ಎಡಮಗ್ಗುಲಿಗೆ ಹಲಗೆ ಹೊದಿಸುವುದು ಬೇಡ, ಪಕ್ಕೆಲುಬುಗಳು ಕಾಣಲಿ. ಬಲಗಡೆಯಿಂದ ನೋಡಿದರೆ ರಾಜನ ನೌಕೆ, ಎಡಗಡೆಯಿಂದ ನೋಡಿದರೆ ಮುಂಬಯಿ ಬಡಗಿಗಳ ಕೆಲಸ. ನಮಗಂತೂ ಎಡಗಡೆಯೇ ಇಷ್ಟ. ಮುಂಬಯಿಯಲ್ಲಿ ಕೆಲಸ ಆರಂಭಿಸಿದಾಗ ಪಾರ್ಸಿ ಸಂಪ್ರದಾಯದಂತೆ ಹಡಗಿನ ಬೆನ್ನೆಲುಬಿಗೆ ಬೆಳ್ಳಿಯ ಮೊಳೆ ಹೊಡೆದಿದ್ದರು. ನಾವೂ ಒಬ್ಬ ಅಕ್ಕನ ತುಂಡಾದ ಕಾಲ್ಗೆಜ್ಜೆಯ ಚೂರೊಂದನ್ನು ಅಲ್ಲಿ ಸೇರಿಸಿದ್ದೇವೆ. ಬಗ್ಗಿ ನೋಡಿದರೆ ಕಂಡೀತು.

ಇನ್ನೊಂದು ವಿಷಯ ಹೇಳಲೇಬೇಕು. ನಮ್ಮ ಹಿರಿಯರೊಬ್ಬರು ಉತ್ತರ ಕನ್ನಡದ ಸೂಪಾದವರು. ಕಾಳಿ ನದಿಗೆ ಅಣೆಕಟ್ಟು ಬಂದು ಅವರ ಊರು 1980ರ ದಶಕದಲ್ಲಿ ಮುಳುಗಿತು. ಮನೆ ಬಿಚ್ಚುವಾಗ ಬಾಗಿಲ ಚೌಕಟ್ಟಿನ ಮೇಲಡ್ಡವನ್ನು ತೆಗೆದಿಟ್ಟುಕೊಂಡು, ಮುಂದೆ ಈ ದೇಶಕ್ಕೂ ತಂದಿದ್ದರು. ಟ್ರಿಂಕೊಮಲಿಯ ತೇಗ ಮಲಬಾರಿನದೆನ್ನುತ್ತಾರೆ. ಆದರೆ ಆ ಶತಮಾನದಲ್ಲಿ ಕಾಳಿ ಕಣಿವೆಯ ತೇಗವೂ ಕಡಲ ದಾರಿಯಲ್ಲಿ ಮುಂಬಯಿಗೆ ಹೋಗುತ್ತಿತ್ತು. "ಹಡಗನ್ನು ಇದರಿಂದಲೇ ಮಾಡಿ" ಎಂದು ಅವರು ಆ ತುಂಡನ್ನು ತಂದು ಮುಂದಿಟ್ಟರು.

ಆದರೆ ಮರಕ್ಕೆ ಅಳತೆಯಿಲ್ಲ ನೋಡಿ. ಹಡಗು ತೊಂಬತ್ತಾರು ಪಟ್ಟು ಕುಗ್ಗಿದರೂ ತೇಗದ ಎಳೆ ಕುಗ್ಗುವುದಿಲ್ಲ. ಸಣ್ಣ ಪಟ್ಟಿಯಾಗಿ ಸೀಳಿದರೆ ಅದರ ರಂಧ್ರಗಳು ಈ ಅಳತೆಯಲ್ಲಿ ತೂತು ಬಿದ್ದ ಹಲಗೆಯಂತೆ ಕಾಣುತ್ತವೆ. ಮಾದರಿ ಮಾಡುವವರು ಪೇರ್, ಲೈಮ್, ಬಾಕ್ಸ್‌ವುಡ್‌ನಂಥ ನಯವಾದ ಮರಗಳನ್ನು ಹುಡುಕುವುದು ಇದಕ್ಕೇ. ತೇಗದ ಹಡಗಿನ ಮಾದರಿಗೆ ತೇಗ ಒಗ್ಗದು! ಇದನ್ನು ಆ ಹಿರಿಯರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಒಂದು ಚೂರು ಸೀಳಿ, ಪೇರ್ ಪಟ್ಟಿಯ ಪಕ್ಕದಲ್ಲಿಟ್ಟು, ಭೂತಗನ್ನಡಿಯೊಂದಿಗೆ ಅವರ ಮುಂದಿಟ್ಟೆವು. ಬಹಳ ಹೊತ್ತು ನೋಡಿದರು. "ಹೌದ್ರಪ್ಪಾ, ಇದು ದೊಡ್ಡ ಕೆಲಸಕ್ಕೆ ಹುಟ್ಟಿದ ಮರ" ಎಂದರು. ಆಮೇಲೆ ಅವರೇ, "ಹಾಗಾದರೆ ಹಡಗು ಇದರ ಮೇಲೆ ಕೂರಲಿ, ಆದರೆ ಮತ್ತೆ ಕೊಯ್ಯಬೇಡಿ" ಎಂದರು.

ಒಡಲಿಗೆ ಪೇರ್ ಮರ ಬಂತು, ಪೀಠಕ್ಕೆ ಆ ಮೇಲಡ್ಡವೇ. ಎರಡು ಕೊನೆಗಳೂ ಹಡಗಿನಿಂದಾಚೆ ಚಾಚಿಕೊಂಡಿವೆ. ಪ್ರದರ್ಶನದ ದೃಷ್ಟಿಯಿಂದ ಅಷ್ಟು ಚೆನ್ನಲ್ಲ ಎಂದು ತಿಳಿದವರು ಹೇಳಿದ್ದಾರೆ. ಊಟಕ್ಕೆ ಹೋಗುವ ಮುನ್ನ ಬಂದು ನೋಡಿ. ಹಗ್ಗಗಳನ್ನು ಮಾತ್ರ ಮುಟ್ಟಬೇಡಿ. ಪೀಠದ ಮುಂಭಾಗದಲ್ಲಿ ಸಾಲಾಗಿ ನಾಲ್ಕು ಮೊಳೆತೂತುಗಳಿವೆ. ಯುಗಾದಿ, ದೀಪಾವಳಿಗೆ ಮಾವಿನೆಲೆಯ ತೋರಣ ಕಟ್ಟುತ್ತಿದ್ದ ಮೊಳೆಗಳವು. ಅವನ್ನು ನಾವು ಮುಚ್ಚಿಲ್ಲ.